ಹೊಳೆಯಲ್ಲಿ ತೇಲಿ ಬಂದ ಮರವನ್ನು ಅಕ್ವೇರಿಯಂಗೆ ಹದ ಮಾಡುವ ಬಗೆ

ನಮ್ಮ ಬಾವಿಯ ತಳದಲ್ಲಿ ನೆಲ್ಲಿ ಮರದ ಹಲಗೆಗಳ ಒಂದು ಚೌಕ ಉಂಟು. ಅಜ್ಜ ಹಾಕಿಸಿದ್ದು. ಮೇ ತಿಂಗಳಲ್ಲಿ ಕೆಸರು ತೆಗೆಯಲು ಇಳಿದರೆ ಕಾಲಿಗೆ ಸಿಗುತ್ತದೆ. ಇಷ್ಟು ವರ್ಷ ನೀರಲ್ಲೇ ಇದ್ದರೂ ಕುಂಬಾಗಿಲ್ಲ. ಉಗುರು ಒತ್ತಿದರೆ ಇಳಿಯುವುದಿಲ್ಲ. ನೆಲ್ಲಿ ಹಲಗೆ ಹಾಕಿದ ಬಾವಿಯ ನೀರು ಸಿಹಿ ಎಂದು ಹಿರಿಯರ ನಂಬಿಕೆ. ಹಾಗಾಗಿ ಯಾರಾದರೂ "ಅಕ್ವೇರಿಯಂಗೆ ಮರ ಹಾಕಿದರೆ ನೀರು ಹಾಳಾಗುವುದಿಲ್ವಾ?" ಎಂದು ಕೇಳಿದರೆ ನಾನು ಬಾವಿ ಕಡೆ ಕೈ ತೋರಿಸುತ್ತೇನೆ.

ಆದರೆ ಎಲ್ಲ ಮರವೂ ನೆಲ್ಲಿಯಲ್ಲ. ನನ್ನ ಮೊದಲ ಟ್ಯಾಂಕಿಗೆ ನಾನು ಹಾಕಿದ್ದು ತೆಂಗಿನ ಬುಡದ ಒಂದು ಗಂಟು. ಜಡೆ ಬಿಟ್ಟ ಹಾಗೆ ಬೇರು ಇಳಿಬಿದ್ದಿತ್ತು, ನೋಡಲು ಭಾರಿ ಚಂದ. 20 ದಿನದಲ್ಲಿ ನೀರು ಕದಡಿತು, ಗಬ್ಬು ವಾಸನೆ ಬಂತು. ಎತ್ತಲು ಹೋದರೆ ಚಾಯದಲ್ಲಿ ಅದ್ದಿದ ರಸ್ಕಿನ ಹಾಗೆ ಕೈಯಲ್ಲೇ ಕಳಚಿತು. ತೆಂಗು, ಕಂಗು, ಬಿದಿರು ಇವೆಲ್ಲ ಬೇರೆ ಮರದ ಹಾಗಲ್ಲ. ಗಟ್ಟಿ ನಾರುಗಳ ನಡುವೆ ಮೆತ್ತನೆ ತಿರುಳು ಇರುತ್ತದೆ. ನೀರಲ್ಲಿ ಮೊದಲು ಕೊಳೆಯುವುದು ಆ ತಿರುಳು. ಮನೆ ಹಿತ್ತಲಲ್ಲಿ ಸುಲಭಕ್ಕೆ ಸಿಗುವುದು ಇವೇ, ಆದರೆ ಟ್ಯಾಂಕಿಗೆ ಬೇಡ.

ಮರ ಹದ ಮಾಡುವುದು ಎಂದರೆ ಮುಖ್ಯವಾಗಿ ಎರಡು ಕೆಲಸ. ಒಳಗಿನ ಗಾಳಿಯನ್ನು ಹೊರಗೆ ಹಾಕಬೇಕು, ಒಳಗಿನ ಚೊಗರನ್ನು ಇಳಿಸಬೇಕು. ಘಟ್ಟದ ಮೇಲೆ ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಕೆಂಪು ನೀರು ಉಳಿಯುತ್ತದಲ್ಲ, ಅದೇ ಚೊಗರು. ನಾವು ಚಾಲಿ, ಎಂದರೆ ಬೇಯಿಸದೆ ಬಿಸಿಲಲ್ಲಿ ಒಣಗಿಸಿದ ಅಡಿಕೆ ಮಾಡುವವರು, ನಮಗೆ ಅದರ ಬಳಕೆ ಕಡಿಮೆ. ಮರದೊಳಗೂ ಇರುವುದು ಅದೇ ಒಗರು. ಅಕ್ವೇರಿಯಂ ಅಂಗಡಿಯವರು ಟ್ಯಾನಿನ್ ಎನ್ನುತ್ತಾರೆ. ಇದು ವಿಷ ಅಲ್ಲ. ಆದರೆ ನಮ್ಮ ಕಾಸರಗೋಡಿನ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೀರಿಗೆ ಇದು ಸೇರಿದರೆ ಬೇರೆ ಕಡೆ ಆಗದ ತೊಂದರೆ ಇಲ್ಲಿ ಆಗುತ್ತದೆ. ಆ ವಿಷಯ ಮುಂದೆ ಬರುತ್ತದೆ.

ಎಲ್ಲಿ, ಯಾವಾಗ ಹುಡುಕುವುದು

ಮಳೆಗಾಲದಲ್ಲಿ ಹೊಳೆಗೆ ಇಳಿಯಬೇಡಿ. ಪಯಸ್ವಿನಿಯಾಗಲಿ ಶಿರಿಯ ಹೊಳೆಯಾಗಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಮರ ತರುವ ಸಮಯ. ನಮ್ಮ ಸಮಯ ನವೆಂಬರ್ ನಂತರ. ನೀರು ಇಳಿದ ಮೇಲೆ ಹೊಳೆಯ ತಿರುವಿನ ಮರಳಿನಲ್ಲಿ, ಬಂಡೆಗಳ ಸಂದಿನಲ್ಲಿ, ಹಳೆ ಸೇತುವೆಯ ಕಂಬದ ಬುಡದಲ್ಲಿ ಒಳ್ಳೊಳ್ಳೆ ತುಂಡು ಸಿಕ್ಕಿಕೊಂಡಿರುತ್ತದೆ. ಪಯಸ್ವಿನಿ ಹುಟ್ಟುವುದು ಕೊಡಗಿನ ಕಡೆ. ಸುಳ್ಯ ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ತೊಗಟೆ, ಮೆತ್ತನೆ ಭಾಗ ಎಲ್ಲ ಕಲ್ಲಿಗೆ ತಿಕ್ಕಿ ಹೋಗಿರುತ್ತದೆ. ಉಳಿದದ್ದು ಗಟ್ಟಿ ತಿರುಳು. ಅರ್ಧ ಕೆಲಸವನ್ನು ಹೊಳೆಯೇ ಮಾಡಿ ಕೊಟ್ಟ ಹಾಗೆ.

ಇನ್ನೊಂದು ಜಾಗ ಕಟ್ಟ, ಎಂದರೆ ತೋಡಿಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡು. ಏತಡ್ಕದ ಕಡೆಯ ತೋಡುಗಳಿಗೆ ಮಳೆ ಮುಗಿದ ಮೇಲೆ ಸಾಲಾಗಿ ಕಟ್ಟ ಹಾಕುತ್ತಾರೆ. ಕಟ್ಟ ಹಾಕುವ ದಿನ ತೋಡಿನ ಕಸಕಡ್ಡಿ ಎಲ್ಲ ದಡಕ್ಕೆ ಬರುತ್ತದೆ. ಆ ದಿನ ಹೋಗಿ ಎರಡು ಕಲ್ಲು ಎತ್ತಿ ಕೊಡಿ. ಬದಲಿಗೆ ಬೇಕಾದ ಬೇರು ಆರಿಸಿಕೊಳ್ಳಿ, ಯಾರೂ ಬೇಡ ಎನ್ನುವುದಿಲ್ಲ.

ಒಂದು ಎಚ್ಚರಿಕೆ. ಕೈಯಲ್ಲಿ ಹಿಡಿಯುವಷ್ಟು ಬೇರು, ಕೊಂಬೆ ಬೇರೆ, ದಿಮ್ಮಿ ಬೇರೆ. ತೇಲಿ ಬಂದ ಮರಮುಟ್ಟಿನ ಬಗ್ಗೆ ಅರಣ್ಯ ಕಾನೂನು ಉಂಟು. ಮೀಸಲು ಕಾಡಿನೊಳಗಿಂದ ಎಂತದ್ದೂ ತರಬೇಡಿ. ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬೇರು ಚಂದ ಎಂದು ಮೊಗ್ರಾಲ್, ಚಿತ್ತಾರಿ ಅಳಿವೆಗಳಲ್ಲಿ ಜೀವಂತ ಗಿಡಕ್ಕೆ ಕತ್ತಿ ಹಾಕಲೇಬೇಡಿ.

ಸಮುದ್ರದ ದಡದ ಮರ? ಸಿಗುತ್ತದೆ, ಧಾರಾಳ ಸಿಗುತ್ತದೆ. ನಾನು ತರುವುದಿಲ್ಲ. ಉಪ್ಪು ಮರದ ನಾರಿನೊಳಗೆ ಸೇರಿರುತ್ತದೆ, ಕೆಲವೊಮ್ಮೆ ಡಾಂಬರಿನಂಥ ಎಣ್ಣೆ ಜಿಡ್ಡು ಅಂಟಿರುತ್ತದೆ. ಬೆರಳು ತೂರುವಷ್ಟು ದೊಡ್ಡ ತೂತುಗಳಿದ್ದರೆ ಅದು ಹಡಗಿನ ಹುಳದ ಕೆಲಸ, ಒಳಗೆ ಸತ್ತ ಹುಳವೂ ಇರಬಹುದು. ಬಿಡಲು ಮನಸ್ಸಾಗದಷ್ಟು ಚಂದದ ತುಂಡು ಸಿಕ್ಕಿದರೆ ಮಾತ್ರ ಒಂದು ದಾರಿ ಉಂಟು. ಜೂನ್ ಬರುವಾಗ ಅದನ್ನು ಸೂರಿನ ನೀರು ಬೀಳುವ ಸಾಲಿನಲ್ಲಿಡಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಅದಕ್ಕಿಂತ ಚೆನ್ನಾಗಿ ಉಪ್ಪು ತೊಳೆಯಲು ನನಗೂ ಆಗುವುದಿಲ್ಲ, ನಿಮಗೂ ಆಗುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಎತ್ತಿ ಬಕೆಟಿನಲ್ಲಿ ಎರಡು ದಿನ ನೆನೆಸಿ. ಆ ನೀರಿಗೆ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಸಾಧನ) ಅದ್ದಿ ನೋಡಿ. ಬಾವಿ ನೀರಿಗಿಂತ ಜಾಸ್ತಿ ಏರದಿದ್ದರೆ ಉಪ್ಪು ಹೋಗಿದೆ ಎಂದು ಅರ್ಥ.

ಯಾವ ಮರ ಬೇಡ

ತೇಲಿ ಬಂದ ಮರ ಯಾವುದೆಂದು ಗೊತ್ತಾಗುವುದು ಕಷ್ಟ. ಆದರೆ ನಮ್ಮ ಊರಲ್ಲಿ ಕೆಲವು ಮರಗಳ ಬಗ್ಗೆ ಭಯ ಇರಲೇಬೇಕು.

ಮೊದಲನೆಯದು ಕಾಸರ್ಕ. ಕಾಸರಗೋಡು ಎಂಬ ಹೆಸರು ಈ ಮರದಿಂದಲೇ ಬಂತು ಎನ್ನುವವರೂ ಇದ್ದಾರೆ. ಊರಿಗೆ ಹೆಸರು ಕೊಟ್ಟಿರಬಹುದು, ಆದರೆ ಟ್ಯಾಂಕಿಗೆ ಬೇಡ. ಇದರಲ್ಲಿ ಇರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ. ಎರಡನೆಯದು ಚೇರೆ ಮರ. ಇದರ ಸೊನೆ ತಾಗಿದರೆ ಮೈ ಹೇಗೆ ಹುಣ್ಣಾಗುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅದನ್ನು ಕುದಿಸಿದ ಹಬೆಯೂ ಕಣ್ಣಿಗೆ, ಚರ್ಮಕ್ಕೆ ಒಳ್ಳೆಯದಲ್ಲ. ಗೇರು ಮರ ಅದರ ನೆಂಟ, ಅದನ್ನೂ ಬಿಡಿ. ಅಳಿವೆಯ ಬದಿಯಲ್ಲಿ ಮಲಯಾಳಂನವರು ಕಣ್ಣಾಂಪೊಟ್ಟಿ ಎನ್ನುವ ಒಂದು ಕಾಂಡ್ಲ ಜಾತಿ ಉಂಟು. ಹೆಸರೇ ಹೇಳುವ ಹಾಗೆ ಅದರ ಹಾಲು ಕಣ್ಣಿಗೆ ಸಿಡಿದರೆ ಕಣ್ಣು ಹೋಗುವ ಅಪಾಯ. ಕಣಗಿಲೆ, ಕಳ್ಳಿ, ರಬ್ಬರು: ಹಾಲು ಬರುವ ಯಾವುದೂ ಬೇಡ.

ಹಿತ್ತಲಿನ ಮರವೇ ಬೇಕು ಎಂದರೆ ನನ್ನ ಮೊದಲ ಆಯ್ಕೆ ಪೇರಳೆ. ಕೊಂಬೆ ಸಪೂರ, ತಿರುವುಗಳು ಚಂದ, ಸೀಗಡಿ ಸಾಕುವವರಿಗೆ ಬಹಳ ಇಷ್ಟ. ಕಡಿದು ನೆರಳಲ್ಲಿ ಆರು ತಿಂಗಳಾದರೂ ಒಣಗಬೇಕು, ಹಸಿ ಕೊಂಬೆ ಬೇಡ. ಹುಣಸೆಯ ಬೇರು ಸಿಕ್ಕಿದರೆ ಅದೂ ಒಳ್ಳೆಯದು. ಕಿರಾಲ್‌ಬೋಗಿ ಸಿಕ್ಕಿದರೆ ನಿಮ್ಮ ಅದೃಷ್ಟ, ಅದು ನೀರಿಗೆ ಹೆದರದ ಮರ. ಮಾವು ಬೇಗ ಮೆತ್ತಗಾಗುತ್ತದೆ. ಹಲಸು ಗಟ್ಟಿಯೇನೋ ಹೌದು, ಆದರೆ ತಿಂಗಳುಗಟ್ಟಲೆ ಹಳದಿ ಬಣ್ಣ ಬಿಡುತ್ತದೆ. ಹಿಂದೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕುತ್ತಿದ್ದದ್ದು ಹಲಸಿನ ತಿರುಳಿನಿಂದಲೇ. ಗಾಳಿಮರದಲ್ಲಿ ಒಗರು ಜಾಸ್ತಿ.

ಮರದ ಜಾತಿಯಷ್ಟೇ ಮುಖ್ಯ, ಅದು ಬಿದ್ದಿದ್ದ ಜಾಗ. ಇದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಗಿನ ತೋಟಗಳಿಗೆ ಕೊಳೆರೋಗಕ್ಕೆ ಬೋರ್ಡೋ ಬಿಡುತ್ತೇವಲ್ಲ? 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತು ಎಂದರೆ ತಾಮ್ರ. ತಾಮ್ರ ಸ್ವಲ್ಪ ಇದ್ದರೂ ಸೀಗಡಿಗೆ, ಬಸವನಹುಳಕ್ಕೆ ಮರಣ, ಮೀನಿಗೂ ಒಳ್ಳೆಯದಲ್ಲ. ತೋಟದ ಕಣಿಯಲ್ಲಿ ವರ್ಷಗಟ್ಟಲೆ ಬಿದ್ದ ಮರ ಅದನ್ನು ಹೀರಿಕೊಂಡಿರುತ್ತದೆ, ಕುದಿಸಿದರೂ ಪೂರ್ತಿ ಹೋಗುತ್ತದೆ ಎನ್ನುವ ಧೈರ್ಯ ಇಲ್ಲ. ಬೋರ್ಡೋ ಕಲಸುವ ನೀಲಿ ಡ್ರಮ್ಮಿನಲ್ಲಿ ಮರ ನೆನೆಹಾಕುವುದಂತೂ ಬೇಡವೇ ಬೇಡ. ಎಷ್ಟು ತೊಳೆದರೂ ಆ ಡ್ರಮ್ಮು ತೋಟದ್ದೇ.

ಕತ್ತಿಯ ತುದಿಯ ಪರೀಕ್ಷೆ

ಮರ ಕೈಗೆ ಬಂತು. ಮೊದಲು ಮೂಗಿಗೆ ಹಿಡಿಯಿರಿ. ಮಣ್ಣಿನ ವಾಸನೆ, ಹೊಳೆಯ ವಾಸನೆ ಸರಿ. ಹುಳಿ, ಸೀಮೆಎಣ್ಣೆ, ಪೈಂಟ್ ವಾಸನೆ ಬಂದರೆ ಅಲ್ಲೇ ಬಿಡಿ. ಆಮೇಲೆ ಕತ್ತಿಯ ಬೆನ್ನಿನಿಂದ ತಟ್ಟಿ. ಟಣ್ ಎಂದರೆ ಒಳ್ಳೆಯದು, ದೊಬ್ ಎಂದರೆ ಒಳಗೆ ಕುಂಬು. ಕೊನೆಗೆ ಕತ್ತಿಯ ತುದಿಯನ್ನು ನಾಲ್ಕೈದು ಕಡೆ ಒತ್ತಿ ನೋಡಿ. ತುದಿ ಜಾರಿದರೆ ಅಥವಾ ಸುಮ್ನೆ ಗೀಟು ಬಿದ್ದರೆ ಸರಿ. ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಆ ಭಾಗ ಕೊಳೆತಿದೆ. ಒಂದು ಬದಿ ಮಾತ್ರ ಕೊಳೆತಿದ್ದರೆ ಕೆತ್ತಿ ತೆಗೆಯಬಹುದು. ಎಷ್ಟೋ ಸಲ ಹಾಗೆ ಕೆತ್ತಿದಾಗಲೇ ಗುಹೆಯಂಥ ಒಳ್ಳೆ ಆಕಾರ ಬರುತ್ತದೆ, ಮೀನು ಅಡಗಲು ಹೇಳಿ ಮಾಡಿಸಿದ ಹಾಗೆ.

ಈಗಲೇ ಟೇಪು ಹಿಡಿದು ಅಳತೆ ನೋಡಿ. ಟ್ಯಾಂಕಿನ ಎರಡು ಗಾಜಿನ ನಡುವೆ ಸರಿಯಾಗಿ ಕಚ್ಚಿ ಕೂರುವ ತುಂಡು ಬೇಡ. ಒಣ ಮರ ನೀರು ಕುಡಿದು ಉಬ್ಬುತ್ತದೆ. ಮಳೆಗಾಲದಲ್ಲಿ ಬಾಗಿಲು ಹಾಕಲಿಕ್ಕಾಗದೆ ಒದ್ದಾಡುತ್ತೇವಲ್ಲ, ಅದೇ ಶಕ್ತಿ ಗಾಜನ್ನು ಸೀಳಬಹುದು. ಸುತ್ತ ಎರಡು ಇಂಚಾದರೂ ಬಿಡುವು ಇರಲಿ. ಗಾಜು ಉಜ್ಜಲು ಕೈ ಹೋಗಲಿಕ್ಕೂ ಜಾಗ ಬೇಕು.

ಉಜ್ಜುವುದು

ತೊಗಟೆ ಪೂರ್ತಿ ಹೋಗಬೇಕು. ಟ್ಯಾಂಕಿನಲ್ಲಿ ಮೊದಲು ಕೊಳೆಯುವುದು ಅದೇ. ಒಣ ತೊಗಟೆ ಬಿಡದಿದ್ದರೆ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಚಾಕು ಹಾಕಿ ಎಬ್ಬಿಸಿದರೆ ಬರುತ್ತದೆ. ಸಂದುಗೊಂದುಗಳ ಮಣ್ಣಿಗೆ ಹಳೆ ಟೂತ್‌ಬ್ರಷ್, ತೂತುಗಳಿಗೆ ಕಡ್ಡಿ ಹಿಡಿಸೂಡಿಯ ಕಡ್ಡಿ. ತಂತಿಯ ಬ್ರಷ್ಷಿನಲ್ಲಿ ಉಜ್ಜಿದರೆ ತಂತಿಯ ಚೂರು ಮರದಲ್ಲಿ ಸಿಕ್ಕಿ ತುಕ್ಕು ಹಿಡಿಯುತ್ತದೆ. ತೆಂಗಿನ ಸಿಪ್ಪೆಯ ನಾರೇ ಸಾಕು.

ಸೋಪು, ಪಾತ್ರೆ ತೊಳೆಯುವ ದ್ರಾವಣ, ಫಿನಾಯಿಲ್ ಯಾವುದೂ ತಾಗಬಾರದು. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನಲ್ಲಿ ಅದ್ದಿ ತೆಗೆಯಿರಿ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಕಲ್ಲಿಗೆ ಆದರೆ ತೊಳೆದು ಬಿಡಬಹುದು. ಮರ ಸ್ಪಂಜಿನ ಹಾಗೆ, ಒಳಗೆ ಹೋದದ್ದು ಯಾವಾಗ ಹೊರಗೆ ಬಂದೀತೋ ಗೊತ್ತಿಲ್ಲ. ಬೆಂಕಿ ಇರುವಾಗ ರಾಸಾಯನಿಕ ಯಾಕೆ?

ಕುದಿಸುವುದು

ಇದು ಮುಖ್ಯ ಕೆಲಸ. ನಮ್ಮ ಕಡೆ ಎಲ್ಲರಿಗೂ ಮೊದಲು ನೆನಪಾಗುವುದು ಬಚ್ಚಲಿನ ಹಂಡೆ. ಮರ ಮುಳುಗುವಷ್ಟು ದೊಡ್ಡದು, ಕೆಳಗೆ ಒಲೆ ಸಿದ್ಧ. ಆದರೆ ಹಂಡೆ ತಾಮ್ರದ್ದಾದರೆ ಬೇಡ. ಚೊಗರು ನೀರು ಹುಳಿ. ಹುಳಿ ನೀರು ತಾಮ್ರದಲ್ಲಿ ಗಂಟೆಗಟ್ಟಲೆ ಕುದಿದರೆ ತಾಮ್ರ ಕರಗಿ ಮರಕ್ಕೆ ಇಳಿಯುತ್ತದೆ. ತಾಮ್ರದ ಪಾತ್ರೆಯಲ್ಲಿ ಸಾರು ಮಾಡದಿರಲು ಇರುವ ಕಾರಣವೇ ಇದಕ್ಕೂ. ಸ್ಟೀಲ್ ಒಳ್ಳೆಯದು, ಹಳೆಯ ದೊಡ್ಡ ಅಲ್ಯೂಮಿನಿಯಂ ಪಾತ್ರೆಯೂ ನಡೆಯುತ್ತದೆ. ಪುನಃ ಅಡುಗೆಗೆ ಬಳಸದ ಪಾತ್ರೆಯಾಗಿರಲಿ. ಮನೆಯವರ ಹತ್ತಿರ ಕೇಳಿ ತೆಗೆದುಕೊಳ್ಳಿ ಎಂದು ಅನುಭವದಿಂದ ಹೇಳುತ್ತಿದ್ದೇನೆ.

ಅಂಗಳದಲ್ಲಿ ಮೂರು ಕಲ್ಲು ಇಟ್ಟು, ಕೊತ್ತಳಿಗೆ ಗರಟೆ ಒಟ್ಟಿ, ಬಯಲಲ್ಲೇ ಕುದಿಸಿ. ಜಾತಿ ಗೊತ್ತಿಲ್ಲದ ಮರದ ಹಬೆಯನ್ನು ಮುಚ್ಚಿದ ಅಡುಗೆಮನೆಯಲ್ಲಿ ಕುಡಿಯುವುದು ಯಾಕೆ? ಮರವನ್ನು ತಣ್ಣೀರಿನಲ್ಲಿ ಹಾಕಿ, ನಿಧಾನಕ್ಕೆ ಬಿಸಿ ಮಾಡಿ. ಒಮ್ಮೆಗೇ ಕುದಿವ ನೀರಿಗೆ ಹಾಕಿದರೆ ಸೀಳಬಹುದು. ತೇಲುತ್ತದೆ, ಮೇಲೆ ಕಲ್ಲು ಹೇರಬೇಕು.

ನೀರು ಬಿಸಿಯಾಗುತ್ತಿದ್ದ ಹಾಗೆ ಪಕ್ಕದಲ್ಲಿ ಕೂತು ನೋಡಿ. ಮೊದಲು ಒಂದೆರಡು ಕಟ್ಟಿರುವೆ ಹೊರಗೆ ಬರುತ್ತವೆ, ಒಮ್ಮೆ ನನಗೆ ಒಂದು ಸಣ್ಣ ಚೇಳೂ ಸಿಕ್ಕಿತ್ತು. ಆಮೇಲೆ ಮರದ ಕಡಿದ ತುದಿಯಿಂದ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು ದಾರದ ಹಾಗೆ ಸಾಲು ಹಿಡಿದು ಏಳುತ್ತವೆ. ಅದೇ ಒಳಗಿನ ಗಾಳಿ. ಮರದ ನಾರು ನಿಜಕ್ಕೂ ನೀರಿಗಿಂತ ಸುಮಾರು ಒಂದೂವರೆ ಪಾಲು ಭಾರ. ಮರ ತೇಲುವುದು ನಾರಿನಿಂದ ಅಲ್ಲ, ನಾರಿನ ಕೊಳವೆಗಳಲ್ಲಿ ಸಿಕ್ಕಿಕೊಂಡ ಗಾಳಿಯಿಂದ. ಅರ್ಧ ಗಂಟೆಯಲ್ಲಿ ನೀರು ಕಟ್ಟಂಚಾಯದ (ಹಾಲು ಹಾಕದ ಚಾಯದ) ಬಣ್ಣಕ್ಕೆ ಬರುತ್ತದೆ.

ಕೈಯಳತೆಯ ತುಂಡಿಗೆ ಒಂದು ಗಂಟೆ, ತೋಳು ಗಾತ್ರದ್ದಕ್ಕೆ ಎರಡು ಮೂರು ಗಂಟೆ ಕುದಿಸಿ. ಈಗ ಬರುವುದು ಹೆಚ್ಚಿನವರು ತಪ್ಪುವ ಹಂತ. ಕುದಿದ ಕೂಡಲೇ ಮರವನ್ನು ಹೊರಗೆ ತೆಗೆಯಬೇಡಿ. ಅದೇ ನೀರಿನಲ್ಲಿ, ಕಲ್ಲಿನಡಿ, ರಾತ್ರಿಯಿಡೀ ತಣಿಯಲಿ. ಕೊಳವೆಗಳಲ್ಲಿ ಈಗ ತುಂಬಿರುವುದು ಹಬೆ. ತಣಿಯುವಾಗ ಹಬೆ ನೀರಾಗಿ ಕುಗ್ಗುತ್ತದೆ, ಆ ಖಾಲಿ ಜಾಗಕ್ಕೆ ಹೊರಗಿನ ನೀರು ಎಳೆದುಕೊಳ್ಳುತ್ತದೆ. ಬಿಸಿ ಇರುವಾಗಲೇ ಹೊರಗೆ ತೆಗೆದರೆ ಒಳಗೆ ಹೋಗುವುದು ನೀರಲ್ಲ, ಪುನಃ ಗಾಳಿ. ಅಷ್ಟು ಕಟ್ಟಿಗೆ ಉರಿಸಿದ್ದು ವ್ಯರ್ಥ.

ಮರುದಿನ ಕೆಂಪು ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಹೊಸ ನೀರು ಹಾಕಿ ಪುನಃ ಕುದಿಸಿ. ಮೂರು ನಾಲ್ಕು ಸಲ ಹೀಗೆ ಮಾಡಿದಾಗ ಬಣ್ಣ ಇಳಿಯುತ್ತಾ ಬರುತ್ತದೆ. ಪೂರ್ತಿ ತಿಳಿಯಾಗುವವರೆಗೆ ಕುದಿಸುತ್ತಾ ಕೂರಬೇಡಿ, ಅತಿ ಕುದಿಸಿದರೆ ಮರದ ಮೈ ಮೆತ್ತಗಾಗುತ್ತದೆ. ಪ್ರೆಶರ್ ಕುಕ್ಕರ್ ಬೇಡ. ಮರದ ಚೂರು ಹೋಗಿ ಹಬೆಯ ತೂತು ಕಟ್ಟಿದರೆ ಅನಾಹುತ. ಓವನ್ನಿನಲ್ಲಿಟ್ಟು ಕಾಯಿಸುವುದೂ ಬೇಡ, ಒಣ ಮರ ಹೊತ್ತಿಕೊಳ್ಳುತ್ತದೆ.

ಪಾತ್ರೆಗೆ ಹಿಡಿಸದಷ್ಟು ದೊಡ್ಡದಾದರೆ? ಅರ್ಧ ಮುಳುಗಿಸಿ ಕುದಿಸಿ, ಆಮೇಲೆ ತಿರುಗಿಸಿ ಇನ್ನರ್ಧ. ಅದೂ ಆಗದಿದ್ದರೆ ಪ್ಲಾಸ್ಟಿಕ್ ಟಬ್ಬಿನ ಬದಲು ಸಿಮೆಂಟಿನ ತೊಟ್ಟಿಯಲ್ಲಿಟ್ಟು ಮೇಲಿನಿಂದ ಕುದಿವ ನೀರು ಸುರಿಯಿರಿ. ನಾಲ್ಕೈದು ಸಲ. ಕುದಿಸಿದಷ್ಟು ಚೆನ್ನಾಗಿ ಆಗುವುದಿಲ್ಲ, ನೆನೆಹಾಕುವ ದಿನ ಜಾಸ್ತಿ ಬೇಕಾಗುತ್ತದೆ.

ನೆನೆಹಾಕುವುದು

ಕುದಿಸಿದ ಮರವನ್ನು ಶುದ್ಧ ಬಕೆಟಿನಲ್ಲಿ ಅಥವಾ ಟಬ್ಬಿನಲ್ಲಿ ಮುಳುಗಿಸಿ, ಮೇಲೆ ಕರಿಗಲ್ಲು ಇಡಿ. ಎಷ್ಟು ದಿನ ಎಂದು ಕೇಳಿದರೆ ಒಂದೇ ಉತ್ತರ ಇಲ್ಲ. ಹೊಳೆಯಲ್ಲಿ ವರ್ಷ ಕಳೆದ ಭಾರದ ತುಂಡು ಎರಡು ವಾರಕ್ಕೇ ಮುಳುಗಬಹುದು. ಒಣ ಪೇರಳೆಗೆ ಎರಡು ತಿಂಗಳು ಬೇಕಾದೀತು. ವಾರಕ್ಕೊಮ್ಮೆ ಕಲ್ಲು ತೆಗೆದು ನೋಡಿ. ಮೊದಲು ಮೇಲೆ ಬರುತ್ತದೆ, ಆಮೇಲೆ ಒಂದು ತುದಿ ಮಾತ್ರ ಏಳುತ್ತದೆ, ಕೊನೆಗೆ ಒಂದು ದಿನ ಕದಲದೆ ಮಲಗುತ್ತದೆ. ಆ ದಿನ ನನಗೆ ಈಗಲೂ ಖುಷಿ.

ಮೂರು ದಿನಕ್ಕೊಮ್ಮೆ ನೀರು ಬದಲಿಸಲೇಬೇಕು. ಚೊಗರಿಗಾಗಿ ಮಾತ್ರ ಅಲ್ಲ, ಸೊಳ್ಳೆಗಾಗಿ. ಡೆಂಗಿ ಬರುವ ಊರಿನವರು ನಾವು. ತೋಟದ ಹಾಳೆಯಲ್ಲಿ, ರಬ್ಬರಿನ ಗರಟೆಯಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ ಎಂದು ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳುವಾಗ ನಮ್ಮ ಹಿತ್ತಲಲ್ಲಿ ಎರಡು ತಿಂಗಳಿನ ಟಬ್ಬು ಇದ್ದರೆ ಮುಖ ತೋರಿಸುವುದು ಹೇಗೆ? ಮೊಟ್ಟೆ ಸೊಳ್ಳೆಯಾಗಿ ಹಾರಲು ವಾರ, ಹತ್ತು ದಿನ ಸಾಕು. ಟಬ್ಬಿನ ಮೇಲೆ ಬಲೆ ಕಟ್ಟಿ. ನೀರು ಚೆಲ್ಲುವಾಗ ಟಬ್ಬಿನ ಒಳಬದಿಯನ್ನೂ ಉಜ್ಜಿ, ಮೊಟ್ಟೆ ಅಂಟುವುದು ಅಲ್ಲೇ.

ಕೆಲವರು ಹರಿವ ತೋಡಿನಲ್ಲೇ ಗೋಣಿಚೀಲ ಕಟ್ಟಿ ಮರ ಮುಳುಗಿಸಿಡುತ್ತಾರೆ. ಚೊಗರು ಇಳಿಸಲು ಇದಕ್ಕಿಂತ ಸುಲಭದ ಉಪಾಯ ಇಲ್ಲ. ತೋಡಿನ ಮೇಲ್ಗಡೆ ತೋಟ ಇಲ್ಲದಿದ್ದರೆ ಮಾತ್ರ, ಬೋರ್ಡೋ ನೆನಪಿರಲಿ. ಹೊರಗೆ ತೆಗೆದ ಮೇಲೆ ಇನ್ನೊಮ್ಮೆ ಕುದಿಸಬೇಕು.

ಎಷ್ಟು ಮಾಡಿದರೂ ಮುಳುಗದ ಮರ ಇರುತ್ತದೆ. ಅದಕ್ಕೆ ಅಡಿಯಲ್ಲಿ ಕಲ್ಲು ಕಟ್ಟುವುದೇ ದಾರಿ. ಒಂದು ಚಪ್ಪಟೆ ಕಲ್ಲಿಗೆ ತೂತು ಕೊರೆದು, ಕೆಳಗಿನಿಂದ ಮರಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಸಾದಾ ಕಬ್ಬಿಣದ್ದು ತುಕ್ಕು ಹಿಡಿಯುತ್ತದೆ, ಹಿತ್ತಾಳೆಯದ್ದರಲ್ಲಿ ತಾಮ್ರ ಉಂಟು. ಕಲ್ಲು ಯಾವುದು ಎಂದರೆ ಕಡಪ ಕಲ್ಲಿನ ತುಂಡು ಸಾಕು. ಕಡಪ ಎಂದರೆ ಸುಣ್ಣಕಲ್ಲು, ನೀರನ್ನು ಗಡಸು ಮಾಡುತ್ತದೆ ಎಂದು ಬೆಂಗಳೂರಿನ ಹವ್ಯಾಸಿಗಳು ಅದನ್ನು ದೂರ ಇಡುತ್ತಾರೆ. ಅವರಿಗೆ ಅದು ಸರಿ. ನಮಗೆ ಅದೇ ಬೇಕಾದದ್ದು. ಯಾಕೆಂದು ಈಗ ಹೇಳುತ್ತೇನೆ.

ನಮ್ಮ ನೀರು ಮತ್ತು ಚೊಗರು

ಕೊಳವೆಬಾವಿಯ ಗಡಸು ನೀರು ಇರುವ ಊರಿನಲ್ಲಿ ಮರ ಹಾಕಿದರೆ ಬಣ್ಣ ಬರುತ್ತದೆ, ಅಷ್ಟೆ. ನೀರಿನಲ್ಲಿರುವ ಸುಣ್ಣದ ಅಂಶ ಚೊಗರಿನ ಹುಳಿಯನ್ನು ನುಂಗಿ ಹಾಕುತ್ತದೆ. ನಮ್ಮ ಬಾವಿಯ ನೀರು, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಮುರಕಲ್ಲಿನಲ್ಲಿ ಸೋಸಿ ಬಂದದ್ದು. ಬಹಳ ಮೆದು, ಮೊದಲೇ ಸ್ವಲ್ಪ ಹುಳಿ. ನೀರಿನ ಹುಳಿಯ ಅಳತೆಯನ್ನು ಪಿಎಚ್ ಎನ್ನುತ್ತಾರೆ, 7ಕ್ಕಿಂತ ಕೆಳಗೆ ಹೋದಷ್ಟು ಹುಳಿ ಜಾಸ್ತಿ. ನಮ್ಮ ಸುರಂಗದ ನೀರಿನ ಪಿಎಚ್ 6ರ ಹತ್ತಿರ ಇರುತ್ತದೆ. ಹುಳಿ ತಡೆಯುವ ಶಕ್ತಿಯನ್ನು ಕೆಎಚ್ ಎನ್ನುತ್ತಾರೆ. ಅದಂತೂ ಪರೀಕ್ಷೆಯ ಮೊದಲ ಹನಿಗೇ ಬಣ್ಣ ತಿರುಗುವಷ್ಟು ಕಡಿಮೆ. ಇಂಥ ನೀರಿಗೆ ಸರಿಯಾಗಿ ಹದ ಆಗದ ಮರ ಹಾಕಿದರೆ ಪಿಎಚ್ ಜಾರುತ್ತಾ ಹೋಗುತ್ತದೆ.

ನನಗೆ ಆದದ್ದು ಹೀಗೆ. ಗಪ್ಪಿ ಇದ್ದ ಟ್ಯಾಂಕಿಗೆ ಒಂದೇ ಸಲ ಕುದಿಸಿದ ದೊಡ್ಡ ಬೇರು ಹಾಕಿದೆ. ಎರಡು ವಾರದ ನಂತರ ಮೀನುಗಳು ರೆಕ್ಕೆ ಮುದುಡಿ ಮೂಲೆ ಸೇರಿದವು. ಪಿಎಚ್ ನೋಡಿದರೆ 5ರ ಹತ್ತಿರ. ಗಾಬರಿಯಲ್ಲಿ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕರಗಿಸಿ ಸುರಿದೆ. ಬೆಳಿಗ್ಗೆ ನೋಡಿದರೆ ಎಲ್ಲವೂ ಸತ್ತಿದ್ದವು. ಆಮೇಲೆ ತಿಳಿಯಿತು: ಅಷ್ಟು ಹುಳಿ ನೀರಿನಲ್ಲಿ ಮೀನಿನ ಹೊಲಸನ್ನು ತಿನ್ನುವ ಒಳ್ಳೆ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ, ಅಮೋನಿಯ ಒಟ್ಟಾಗುತ್ತದೆ. ಹುಳಿ ಇರುವವರೆಗೆ ಅದು ಅಮೋನಿಯಂ ರೂಪದಲ್ಲಿರುತ್ತದೆ, ಅಷ್ಟೊಂದು ವಿಷವಲ್ಲ. ಸೋಡಾ ಹಾಕಿ ಪಿಎಚ್ ಒಮ್ಮೆಲೇ ಏರಿಸಿದ ಗಳಿಗೆಯಲ್ಲಿ ಅದು ವಿಷದ ಅಮೋನಿಯವಾಯಿತು. ಮೀನನ್ನು ಕೊಂದದ್ದು ಮರ ಅಲ್ಲ, ನನ್ನ ಚಮಚ.

ಈಗ ನಾನು ಮಾಡುವುದು ಬೇರೆ. ಹೊಳೆಯ ಮರುವಾಯಿ ತಿಂದ ಮೇಲೆ ಚಿಪ್ಪನ್ನು ಬಿಸಾಡುವುದಿಲ್ಲ. ಚೆನ್ನಾಗಿ ಕುದಿಸಿ, ಒಣಗಿಸಿ, ಚೂರು ಮಾಡಿ ಒಂದು ಮುಷ್ಟಿಯಷ್ಟನ್ನು ಬಲೆಯ ಚೀಲದಲ್ಲಿ ಫಿಲ್ಟರಿನೊಳಗೆ ಇಡುತ್ತೇನೆ. ಚಿಪ್ಪು ಸುಣ್ಣವೇ. ನೀರು ಹುಳಿಯಾದಷ್ಟು ಬೇಗ ಕರಗುತ್ತದೆ, ಹುಳಿ ಇಳಿದ ಹಾಗೆ ನಿಧಾನವಾಗುತ್ತದೆ. ತನ್ನಷ್ಟಕ್ಕೇ ಅಳತೆ ನೋಡಿಕೊಂಡು ಕೆಲಸ ಮಾಡುವ ಆಳಿನ ಹಾಗೆ. 60 ಲೀಟರ್ ಟ್ಯಾಂಕಿಗೆ ನನಗೆ ಅಷ್ಟು ಸಾಕಾಗಿದೆ. ನಿಮ್ಮಲ್ಲಿ ವಾರಕ್ಕೊಮ್ಮೆ ಪಿಎಚ್ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಎಲ್ಲ ಮೀನಿಗೂ ಇದು ಬೇಕಾಗಿಲ್ಲ. ಬೆಟ್ಟಾ, ಟೆಟ್ರಾಗಳಿಗೆ ಮೆದು ನೀರು, ತಿಳಿ ಕಟ್ಟಂಚಾಯದ ಬಣ್ಣ ಎರಡೂ ಇಷ್ಟ. ಬಾದಾಮಿ ಮರದ ಒಣ ಎಲೆಯನ್ನು ದುಡ್ಡು ಕೊಟ್ಟು ತಂದು ಹಾಕುತ್ತಾರಲ್ಲ, ಅದೂ ಇದೇ ಒಗರಿಗೆ. ಅವಕ್ಕೆ ಪಿಎಚ್ 6ರ ಆಚೀಚೆ ನಿಂತರೆ ಸಾಕು, ಇನ್ನೂ ಕೆಳಗೆ ಜಾರದಂತೆ ನೋಡಿಕೊಂಡರಾಯಿತು. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಗಡಸು ನೀರು ಬೇಕು. ಅವುಗಳ ಟ್ಯಾಂಕಿಗೆ ಮರ ಹಾಕುವಾಗ ಚಿಪ್ಪು ಮರೆಯಬೇಡಿ.

ಇನ್ನೊಂದು ಸಣ್ಣ ಮಾತು. ಸುರಂಗದಿಂದ ಆಗಷ್ಟೇ ಹಿಡಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಪಿಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಒಂದು ದಿನ ಬಕೆಟಿನಲ್ಲಿ ಇಟ್ಟು ಆಮೇಲೆ ಅಳೆಯಿರಿ.

ಬಣ್ಣ ಇಷ್ಟ ಇಲ್ಲದವರು ವಾರಕ್ಕೆ ಕಾಲು ಭಾಗ ನೀರು ಬದಲಿಸಿ, ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಅದನ್ನೂ ಗರಟೆಯಿಂದಲೇ ಮಾಡುತ್ತಾರೆ. ಹಾಗೆಂದು ಒಲೆಯ ಗರಟೆ ಕರಿ ಹಾಕಿದರೆ ಆ ಕೆಲಸ ಆಗುವುದಿಲ್ಲ, ಬೂದಿ ಸೇರಿ ಇನ್ನೊಂದು ತಲೆನೋವು. ನೀರು ಹಳದಿ ಇದ್ದ ಮಾತ್ರಕ್ಕೆ ಮರದ ಮೇಲೆ ತಪ್ಪು ಹೊರಿಸಬೇಡಿ. ಗ್ಲಾಸಿನಲ್ಲಿ ಹಿಡಿದು ಒಂದು ರಾತ್ರಿ ಇಡಿ. ತಿಳಿಯಾಗಿಯೇ ಇದ್ದು ಬಣ್ಣ ಮಾತ್ರ ಇದ್ದರೆ ಚೊಗರು. ಅಡಿಯಲ್ಲಿ ಕೆಂಪು ಹುಡಿ ಕೂತರೆ ಅದು ಬಾವಿಯ ಕಬ್ಬಿಣ.

ಬಿಳಿ ಲೋಳೆ ಬಂದಾಗ

ಮರ ಟ್ಯಾಂಕಿಗೆ ಇಳಿಸಿ ನಾಲ್ಕೈದು ದಿನಕ್ಕೆ ಅದರ ಮೈ ಮೇಲೆ ಬಿಳಿ ಲೋಳೆ ಬರುತ್ತದೆ. ಗಂಜಿಯ ಮೇಲಿನ ಕೆನೆಯ ಹಾಗೆ, ಕೆಲವು ಕಡೆ ಹತ್ತಿಯ ಹಾಗೆ. ಹೊಸಬರು ಹೆದರುವುದು ಇಲ್ಲೇ. ಒಬ್ಬರು ನನಗೆ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದ್ದರು, ಮರಕ್ಕೆ ಕೊಳೆರೋಗ ಬಂತು ಎಂದು! ರೋಗ ಅಲ್ಲ. ಮರದಲ್ಲಿ ಉಳಿದ ಸಿಹಿ ಅಂಶವನ್ನು ತಿನ್ನಲು ಬಂದ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ. ಎರಡರಿಂದ ನಾಲ್ಕು ವಾರದಲ್ಲಿ ಊಟ ಮುಗಿದು ಹೋಗುತ್ತವೆ. ನೋಡಲು ಆಗದಿದ್ದರೆ ಹೊರಗೆ ತೆಗೆದು ಬ್ರಷ್ಷಿನಲ್ಲಿ ಉಜ್ಜಿ. ಸೀಗಡಿ, ಬಸವನಹುಳ ಇದ್ದರೆ ಉಜ್ಜುವ ಕೆಲಸವೂ ಇಲ್ಲ, ಅವಕ್ಕೆ ಅದು ಹಬ್ಬದೂಟ. ಮರವನ್ನು ಮೀನಿಲ್ಲದ ಟ್ಯಾಂಕಿನಲ್ಲಿ ಮೂರು ವಾರ ಇಟ್ಟು ಆಮೇಲೆ ಮೀನು ಬಿಡುವುದು ಇನ್ನೂ ಒಳ್ಳೆಯದು.

ಲೋಳೆಗೆ ಹೆದರಬೇಡಿ, ವಾಸನೆಗೆ ಹೆದರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮರ ಒಳಗಿಂದ ಕೊಳೆಯುತ್ತಿದೆ. ಆ ಕ್ಷಣವೇ ಹೊರಗೆ ತೆಗೆಯಿರಿ, ಅರ್ಧ ನೀರು ಬದಲಿಸಿ.

ಇಡುವುದು, ಗಿಡ ಕಟ್ಟುವುದು

ಮರವನ್ನು ಗಾಜಿಗೆ ಒರಗಿಸಬೇಡಿ. ಭಾರದ ತುಂಡಾದರೆ ಅಡಿಯಲ್ಲಿ ತೆಳು ಥರ್ಮಾಕೋಲ್ ಅಥವಾ ಪ್ಲಾಸ್ಟಿಕ್ ಜಾಲರಿ ಹಾಕಿ, ಅದರ ಮೇಲೆ ಮರ, ಆಮೇಲೆ ಮರಳು. ಮೊದಲು ಮರಳು ಹಾಕಿ ಮೇಲೆ ಮರ ಇಟ್ಟರೆ, ಅಡಿ ತೋಡುವ ಮೀನು ಇದ್ದಲ್ಲಿ ಒಂದು ದಿನ ಮರ ವಾಲುತ್ತದೆ.

ಅನುಬಿಯಾಸ್, ಜಾವಾ ಫರ್ನ್, ಪಾಚಿ ಜಾತಿಯ ಮಾಸ್ ಮೂರೂ ಮರದ ಮೇಲೆ ಚೆನ್ನಾಗಿ ಹಿಡಿಯುತ್ತವೆ. ಹತ್ತಿಯ ನೂಲಿನಲ್ಲಿ ಕಟ್ಟಿ. ಎರಡು ತಿಂಗಳಲ್ಲಿ ನೂಲು ಕರಗುವಷ್ಟರಲ್ಲಿ ಬೇರು ಕಚ್ಚಿರುತ್ತದೆ. ಮಲ್ಲಿಗೆ ಕಟ್ಟುವ ಬಾಳೆ ನಾರಿನಲ್ಲಿ ಕಟ್ಟಿ ನೋಡಿದ್ದೇನೆ. ಒಂದೇ ವಾರಕ್ಕೆ ಕೊಳೆತು ಗಿಡ ತೇಲಿತು. ಅನುಬಿಯಾಸ್‌ನ ಶುಂಠಿಯಂಥ ದಪ್ಪ ಗೆಡ್ಡೆ ಮಾತ್ರ ಮರಳಿನಲ್ಲಿ ಹುಗಿಯಬಾರದು, ಕೊಳೆಯುತ್ತದೆ.

ಒಳ್ಳೆ ಗಟ್ಟಿ ಮರ ವರ್ಷಗಟ್ಟಲೆ ಬರುತ್ತದೆ. ಆದರೂ ವರ್ಷಕ್ಕೊಮ್ಮೆ ಟ್ಯಾಂಕ್ ತೊಳೆಯುವಾಗ ಅದೇ ಕತ್ತಿಯ ತುದಿಯನ್ನು ಪುನಃ ಒತ್ತಿ ನೋಡಿ. ಪ್ಲೆಕೊ ಮೀನು ಇದ್ದರೆ ಅದು ಮರವನ್ನು ಕೆರೆದು ತಿನ್ನುತ್ತಲೇ ಇರುತ್ತದೆ, ಅಡಿಯಲ್ಲಿ ಮರದ ಹುಡಿ ಕಾಣುತ್ತದೆ, ಅದಕ್ಕೆ ಚಿಂತೆ ಬೇಡ. ತುದಿ ಅರ್ಧ ಇಂಚು ಇಳಿಯಿತು ಎಂದರೆ ಮಾತ್ರ ಮರದ ಕಾಲ ಮುಗಿಯಿತು. ನನ್ನ ಹಳೆಯ ಪೇರಳೆ ಕೊಂಬೆಗೆ ಹೋದ ವರ್ಷ ಹಾಗಾಯಿತು. ಮಾಸ್ ಬಿಡಿಸಿಕೊಂಡು ಕೊಂಬೆಯನ್ನು ಬಾಳೆ ಬುಡಕ್ಕೆ ಹಾಕಿದೆ. ಹೊಸ ತುಂಡು ಈಗ ಹಿತ್ತಲ ಟಬ್ಬಿನಲ್ಲಿ ಕಲ್ಲಿನಡಿ ಮಲಗಿದೆ. ಒಂದು ತುದಿ ಇನ್ನೂ ಏಳುತ್ತಿದೆ.